ಮ್ಯೂಸಿಕ್ ಸ್ಟ್ರೀಮರ್ ಯಾವುದು ತಗೊಳ್ಳೋದು, ವ್ಯತ್ಯಾಸ ಕಿವಿಗೆ ಕೇಳುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಮನೆಯಲ್ಲಿ ಕೂತು ಒಳ್ಳೆಯ ಸೆಟ್ಟಿನಲ್ಲಿ ಹಾಡು ಕೇಳುವ ಹುಚ್ಚಿರುವವರು ಬಹಳ ಜನ ಇದ್ದಾರೆ. ಹರಿಹರ, ಚಳ್ಳಕೆರೆ, ಹಿರಿಯೂರಿನಿಂದಲೂ ಫೋನ್ ಬರುತ್ತದೆ, ಆಗೊಮ್ಮೆ ಈಗೊಮ್ಮೆ ಪತ್ರವೂ ಬರುತ್ತದೆ. ಬೆಣ್ಣೆದೋಸೆಗೆ ಕಾಯುತ್ತಾ ನಿಂತಾಗ ಪಕ್ಕದವರು ಹಿಡಿದು ಕೇಳಿದ್ದೂ ಉಂಟು. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರವರ ಮಾತಿನಲ್ಲೇ ಇಟ್ಟು, ನನಗೆ ತಿಳಿದ ಉತ್ತರ ಬರೆದಿದ್ದೇನೆ. ನಾನು ಅಂಗಡಿಯವನಲ್ಲ, ಯಾವ ಕಂಪನಿಯಿಂದಲೂ ಏನನ್ನೂ ಪಡೆದಿಲ್ಲ. ಸಂಬಳದ ದುಡ್ಡು ಕೂಡಿಟ್ಟು ಸೆಟ್ ಕಟ್ಟಿದವನು. ಹಾಗೆ ಕೂಡಿಟ್ಟವರ ದುಡ್ಡು ಸುಮ್ನೆ ಹೋಗಬಾರದು ಅಂತಲೇ ಇಷ್ಟು ಬರೆದೆ.

## ಮೊದಲ ಹೆಜ್ಜೆ

ಸ್ಟ್ರೀಮರ್ ಅಂದ್ರೆ ಏನ್ರೀ? ಆಂಪ್ಲಿಫೈಯರ್ರಾ ಅದು?

ಅಲ್ಲ. ವೈಫೈನಿಂದಲೋ ಲ್ಯಾನ್ ವೈರಿನಿಂದಲೋ ಹಾಡನ್ನು ತಂದು ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆ. ಮೊದಲು ಟೇಪ್ ಡೆಕ್ ಇದ್ದ ಜಾಗದಲ್ಲಿ, ಆಮೇಲೆ ಸಿಡಿ ಪ್ಲೇಯರ್ ಕೂತ ಜಾಗದಲ್ಲಿ, ಈಗ ಇದು ಕೂರುತ್ತದೆ. ಬಹಳಷ್ಟು ಸ್ಟ್ರೀಮರ್‌ಗಳ ಒಳಗೇ ಡ್ಯಾಕ್ ಇರುತ್ತದೆ. ಅಂಕಿಗಳ ರೂಪದಲ್ಲಿರುವ ಹಾಡನ್ನು ವಿದ್ಯುತ್ ಅಲೆಯಾಗಿ ಮಾಡುವುದು ಡ್ಯಾಕ್ ಕೆಲಸ. ಆಂಪ್ಲಿಫೈಯರನ್ನೂ ಒಳಗೇ ಸೇರಿಸಿಕೊಂಡ ಪೆಟ್ಟಿಗೆಗಳೂ ಬರುತ್ತವೆ. ಅವಕ್ಕೆ ನೇರವಾಗಿ ಸ್ಪೀಕರ್ ವೈರ್ ಕೊಟ್ಟರೆ ಮುಗಿಯಿತು.

ಫೋನಿನಾಗೆ ಬ್ಲೂಟೂತ್ ಐತಲ್ಲ, ಮತ್ತೆ ಇದಕ್ಕೆ ಯಾಕೆ ದುಡ್ಡು ಹಾಕ್ಬೇಕು?

ಬ್ಲೂಟೂತ್‌ನಲ್ಲಿ ಹಾಡನ್ನು ಹೊರುವುದು ನಿಮ್ಮ ಫೋನು. ಫೋನ್ ಹಿಡಿದು ಅಂಗಳಕ್ಕೆ ಹೋದರೆ ಹಾಡು ತುಂಡಾಗುತ್ತದೆ. ಯಾರಾದರೂ ಕರೆ ಮಾಡಿದರೆ ಹಾಡು ನಿಲ್ಲುತ್ತದೆ. ಸ್ಟ್ರೀಮರ್‌ನಲ್ಲಿ ಫೋನ್ ಬರೀ ರಿಮೋಟ್ ಆಗಿರುತ್ತದೆ. ಸ್ಪಾಟಿಫೈ ಕನೆಕ್ಟ್ ಅಥವಾ ಗೂಗಲ್ ಕಾಸ್ಟ್‌ನಲ್ಲಿ ಹಾಡನ್ನು ಆರಿಸಿ ಫೋನ್ ಜೇಬಿಗೆ ಹಾಕಿ, ಸಂತೆಗೇ ಹೋಗಿ, ಮನೆಯವರಿಗೆ ಹಾಡು ಕೇಳುತ್ತಲೇ ಇರುತ್ತದೆ.

ಶಬ್ದದ ಮಾತು ಬೇರೆ. ಸಾಮಾನ್ಯ ಬ್ಲೂಟೂತ್ ಎಸ್‌ಬಿಸಿ ವಿಧಾನದಲ್ಲಿ ಹಾಡನ್ನು ಸುಮಾರು 328 ಕೆಬಿಪಿಎಸ್‌ವರೆಗೆ (ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಹರಿಯುತ್ತದೆ ಅನ್ನುವ ಲೆಕ್ಕ) ಕುಗ್ಗಿಸಿ ಕಳಿಸುತ್ತದೆ. ಈಗಾಗಲೇ ಕುಗ್ಗಿದ ಹಾಡು ಮತ್ತೊಮ್ಮೆ ಕುಗ್ಗುತ್ತದೆ. ಆದರೂ ಸಿಗ್ನಲ್ ಗಟ್ಟಿಯಾಗಿದ್ದರೆ ಬಹಳ ಹಾಡುಗಳಲ್ಲಿ ಇದು ಗೊತ್ತಾಗುವುದೇ ಕಷ್ಟ. ಹಾಗಾಗಿ ಬ್ಲೂಟೂತ್ ನಿಮಗೆ ತೊಂದರೆ ಕೊಡದಿದ್ದರೆ ಅದರಲ್ಲೇ ಕೇಳಿ.

ಹಳೇ ಫೋನು, ಅದಕ್ಕೊಂದು ಸಣ್ಣ ಡಾಂಗಲ್ಲು ಇಷ್ಟರಲ್ಲೇ ನಡೆಸ್ಬಹುದಾ?

ಧಾರಾಳವಾಗಿ. ಆಪಲ್‌ನ ಪುಟ್ಟ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್ಲಿನ ಒಳಗೂ ಒಂದು ಡ್ಯಾಕ್ ಇದೆ, ಅಳತೆಯಲ್ಲಿ ಅದು ಚೊಕ್ಕವಾಗಿಯೇ ಬರುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಅದರ ವಾಲ್ಯೂಮ್ ಪೂರ್ತಿ ಏರುವುದಿಲ್ಲ, ಅದೊಂದು ನೋಡಿಕೊಳ್ಳಿ.

ಡೇಟಾ ಎಷ್ಟು ತಿನ್ನುತ್ತೆ? ನಮ್ಮೂರ ನೆಟ್ಟಿಗೆ ನಡೆಯುತ್ತಾ?

320 ಕೆಬಿಪಿಎಸ್ ಹಾಡಾದರೆ ಗಂಟೆಗೆ 144 ಎಂಬಿ. ಸಿಡಿ ಗುಣಮಟ್ಟ ಅಂದರೆ 1,411 ಕೆಬಿಪಿಎಸ್, ಅದು ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್‌ನಲ್ಲಿ (ಏನೂ ಕಳೆಯದೆ ಹಾಡಿನ ಫೈಲನ್ನು ಚಿಕ್ಕದು ಮಾಡುವ ರೂಪ) ಸುತ್ತಿ ಕಳಿಸಿದರೆ ಹೆಚ್ಚುಕಡಿಮೆ ಅದರ ಅರ್ಧದಿಂದ ಮುಕ್ಕಾಲು. ಮನೆಗೆ ಫೈಬರ್ ಬಂದಿದ್ದರೆ ಇದೊಂದು ಲೆಕ್ಕವೇ ಅಲ್ಲ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಸುವವರು ಮಾತ್ರ ಆಪ್‌ನಲ್ಲಿ ಗುಣಮಟ್ಟ ಇಳಿಸಿಕೊಳ್ಳಿ.

## ಕೊಳ್ಳುವ ಮುಂಚೆ

ಹತ್ತು ಹನ್ನೆರಡು ಸಾವಿರದ್ದು ಸಾಕಾ, ಲಕ್ಷದ್ದೇ ಬೇಕಾ?

ಸಾಕು. ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದು ಗಟ್ಟಿ ಲೋಹದ ಪೆಟ್ಟಿಗೆ, ಚೆಂದದ ಪರದೆ, ತೂಕದ ವಾಲ್ಯೂಮ್ ಗುಂಡಿ, ಕೆಲವೊಮ್ಮೆ ಒಳ್ಳೆಯ ಆಪ್ ಮತ್ತು ಸರ್ವಿಸ್. ಇವೆಲ್ಲ ಬೆಲೆಬಾಳುವ ಸಂಗತಿಗಳೇ. ದಿನಾ ಮುಟ್ಟುವ ವಸ್ತು ಚೆಂದ ಇರಬೇಕು ಅಂತ ಆಸೆಪಡುವುದರಲ್ಲಿ ತಪ್ಪಿಲ್ಲ. ಆದರೆ "ಶಬ್ದ ಹತ್ತು ಪಟ್ಟು ಚೆನ್ನಾಗಿರುತ್ತೆ" ಅಂತ ಯಾರಾದರೂ ಮಾರಲು ಬಂದರೆ ಮುಂದಿನ ಭಾಗ ಓದಿಯೇ ದುಡ್ಡು ಕೊಡಿ.

ತಗೊಳ್ಳುವಾಗ ಏನೇನು ನೋಡ್ಬೇಕು, ಒಂದೊಂದಾಗಿ ಹೇಳಿ.

ಮೊದಲು ಆಪ್. ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ನೋಡುತ್ತೀರಿ, ಆಪ್ ದಿನಕ್ಕೆ ಹತ್ತು ಸಲ ತೆಗೆಯುತ್ತೀರಿ. ಕೊಳ್ಳುವ ಮುಂಚೆಯೇ ಅದನ್ನು ಫೋನಿಗೆ ಹಾಕಿ ನೋಡಿ. ನೀವು ಚಂದಾ ಕಟ್ಟಿರುವ ಸೇವೆ ಅದರಲ್ಲಿ ನೇರವಾಗಿ ನಡೆಯುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಕೇಳುವವರಿಗೆ ಗೂಗಲ್ ಕಾಸ್ಟ್ ಇರುವ ಪೆಟ್ಟಿಗೆ ಅನುಕೂಲ. ಮನೆಯಲ್ಲಿ ಎಲ್ಲರ ಕೈಯಲ್ಲೂ ಐಫೋನ್ ಇದ್ದರೆ ಆಪಲ್‌ನ ಏರ್‌ಪ್ಲೇ ಇದೆಯಾ ನೋಡಿ.

ಆಮೇಲೆ ಗ್ಯಾಪ್‌ಲೆಸ್, ಅಂದರೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ನಡುವೆ ನಿಲ್ಲದೆ ಹೋಗುವುದು. ಕಛೇರಿಯ ಮುದ್ರಣದಲ್ಲಿ ಆಲಾಪ ಒಂದು ಟ್ರ್ಯಾಕು, ವಿಲಂಬಿತ್ ಇನ್ನೊಂದು ಟ್ರ್ಯಾಕು ಆಗಿರುತ್ತದೆ. ನಡುವೆ ಅರ್ಧ ಸೆಕೆಂಡು ತಂಬೂರಿ ಕತ್ತರಿಸಿದ ಹಾಗೆ ನಿಂತರೆ ಎದೆ ಧಸಕ್ ಅನ್ನುತ್ತದೆ. ಇದು ಯಾವ ಪರೀಕ್ಷೆಯೂ ಬೇಡದೆ ಎಲ್ಲರಿಗೂ ಕೇಳುವ ವ್ಯತ್ಯಾಸ. ಲಕ್ಷದ ಪೆಟ್ಟಿಗೆ ಆದರೂ ಗ್ಯಾಪ್ ಬಂದರೆ ನಾನಂತೂ ಕೊಳ್ಳುವುದಿಲ್ಲ.

ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದಾ ನೋಡಿ. ಕೆಲವು ಪರದೆಗಳಲ್ಲಿ ಹಾಡಿನ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಲ್ಲುತ್ತವೆ, ಒತ್ತಕ್ಷರ ಬಿಚ್ಚಿಕೊಂಡು ಪಕ್ಕದಲ್ಲಿ ಬಿದ್ದಿರುತ್ತದೆ. ನಾನೂರು ಕನ್ನಡ ಹಾಡು ಇಟ್ಟುಕೊಂಡವರಿಗೆ ಇದು ದಿನನಿತ್ಯದ ಕಿರಿಕಿರಿ.

ಕೊನೆಯದು, ಸಾಫ್ಟ್‌ವೇರ್ ಎಷ್ಟು ವರ್ಷ ಬರುತ್ತದೆ ಅನ್ನುವುದು. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಅನ್ನುವ ಪುಟ್ಟ ಸ್ಟ್ರೀಮರ್ 2015ರಲ್ಲಿ ಬಂತು. ಅಗ್ಗದಲ್ಲಿ ಒಳ್ಳೆಯ ವಸ್ತು. 2019ರ ಆರಂಭದಲ್ಲೇ ತಯಾರಿಕೆ ನಿಲ್ಲಿಸಿದರು. ಲಾಜಿಟೆಕ್‌ನ ಸ್ಕ್ವೀಜ್‌ಬಾಕ್ಸ್ ಸ್ಟ್ರೀಮರ್ 2012ರಲ್ಲಿ ನಿಂತಿತು, ಆದರೆ ಅದರ ಸರ್ವರ್ ಸಾಫ್ಟ್‌ವೇರ್ ತೆರೆದ ಮೂಲದ್ದು (ಓಪನ್ ಸೋರ್ಸ್) ಆಗಿದ್ದರಿಂದ ಬಳಸುವವರೇ ಅದನ್ನು ಸಾಕಿಕೊಂಡು ಬಂದರು. ಇವತ್ತಿಗೂ ಲಿರಿಯನ್ ಮ್ಯೂಸಿಕ್ ಸರ್ವರ್ ಅನ್ನೋ ಹೆಸರಲ್ಲಿ ಜೀವಂತವಾಗಿದೆ. ಸ್ಟ್ರೀಮರ್ ಅಂದರೆ ಒಂದು ಸಣ್ಣ ಕಂಪ್ಯೂಟರ್. ಸ್ಪೀಕರ್ ಇಪ್ಪತ್ತು ವರ್ಷ ಬಾಳುತ್ತದೆ, ಇದು ಅಷ್ಟು ಬಾಳುತ್ತದೆ ಅಂತ ನಂಬಿ ದೊಡ್ಡ ದುಡ್ಡು ಹಾಕಬೇಡಿ.

ರಾಸ್ಪ್‌ಬೆರಿ ಪೈನಲ್ಲಿ ನಾವೇ ಮಾಡ್ಕೋಬಹುದಂತೆ, ಹೌದಾ?

ಹೌದು. ಇಂಜಿನಿಯರಿಂಗ್ ಓದುವ ಹುಡುಗರು ಕೇಳಿದರೆ ನಾನು ಮೊದಲು ಹೇಳುವುದೇ ಇದನ್ನು. ಪೈ ಅಂದರೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ಅದಕ್ಕೆ ವಾಲ್ಯೂಮಿಯೋ, ಮೂಡ್ ಆಡಿಯೋ ಅಥವಾ ಪೈಕೋರ್‌ಪ್ಲೇಯರ್ ಸಾಫ್ಟ್‌ವೇರ್ ಹಾಕಿ, ಯುಎಸ್‌ಬಿಯಲ್ಲಿ ಒಂದು ಡ್ಯಾಕ್ ಸಿಕ್ಕಿಸಿದರೆ ಸ್ಟ್ರೀಮರ್ ತಯಾರು. ಆದರೆ ಮೆಮೊರಿ ಕಾರ್ಡ್ ಕೆಟ್ಟರೆ, ವೈಫೈ ಪಾಸ್‌ವರ್ಡ್ ಬದಲಾದರೆ ನೀವೇ ಕೂತು ಸರಿಮಾಡಬೇಕು. ಅಪ್ಪ ಅಮ್ಮನ ಮನೆಗೆ ಇಡುವುದಾದರೆ ಅಂಗಡಿಯ ಪೆಟ್ಟಿಗೆಯೇ ವಾಸಿ.

ಮನೇಲಿ ಹಳೇ ಸಿಡಿ, ಕ್ಯಾಸೆಟ್ಟು ರಾಶಿ ಬಿದ್ದಾವೆ. ಅವೆಲ್ಲ ಇದರಾಗೆ ಬರ್ತಾವಾ?

ಬರುತ್ತವೆ, ಮತ್ತು ಆ ಕೆಲಸ ಬೇಗ ಮಾಡಿ ಅಂತ ಕೈಮುಗಿದು ಕೇಳುತ್ತೇನೆ. ವಚನ, ರಂಗಗೀತೆ, ಮಠದ ಉತ್ಸವದಲ್ಲಿ ಯಾರೋ ಮುದ್ರಿಸಿ ಹಂಚಿದ ಹಾಡು, ಇವೆಲ್ಲ ಸ್ಟ್ರೀಮಿಂಗ್ ಸೇವೆಗಳಲ್ಲಿ ಸಿಗುತ್ತವೆ ಅಂತ ನೆಚ್ಚಿಕೊಳ್ಳಲು ಆಗುವುದಿಲ್ಲ. ನಿಮ್ಮ ಅಲ್ಮೇರಾದಲ್ಲಿರುವುದೇ ಕೊನೆಯ ಪ್ರತಿ ಆಗಿರಬಹುದು.

ಸಿಡಿಯನ್ನು ಕಂಪ್ಯೂಟರಿನಲ್ಲಿ ಫ್ಲ್ಯಾಕ್ ಮಾಡಿದರೆ ಒಂದಕ್ಕೆ ಸುಮಾರು 300–400 ಎಂಬಿ ಆಗುತ್ತದೆ. 500 ಸಿಡಿ ಇದ್ದರೂ 200 ಜಿಬಿ ದಾಟುವುದು ಕಡಿಮೆ. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಹಿಡಿಯುತ್ತದೆ, ಇನ್ನೊಂದರಲ್ಲಿ ನಕಲು ಇಡಿ. ಕ್ಯಾಸೆಟ್ಟಿಗೆ ತಾಳ್ಮೆ ಬೇಕು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಹಿಡಿಯುತ್ತದೆ. ಟೇಪ್ ಹೆಡ್ಡನ್ನು ಮೊದಲು ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ. ಕಂದು ಮಣ್ಣಿನ ಹಾಗೆ ಬರುತ್ತದಲ್ಲ, ಅದು ಹೋದ ಮೇಲೆ ಧ್ವನಿಯ ಮೇಲಿದ್ದ ಮಂಕು ಕಳೆಯುತ್ತದೆ.

ಇನ್ವರ್ಟರ್ ಮೇಲೆ ಹಾಕಿದ್ರೆ ಗುಂಯ್ ಅನ್ನುತ್ತೆ. ಸ್ಟ್ರೀಮರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಸ್, ನುಣುಪಾದ ಅಲೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಅದೇ 50 ಹರ್ಟ್ಸನ್ನು ಚೌಕ ಚೌಕವಾಗಿ ಕೊಡುತ್ತದೆ. ಚೌಕ ಅಲೆಯಲ್ಲಿ 150, 250, 350 ಹರ್ಟ್ಸ್ ಹೀಗೆ ಕಿವಿಗೆ ಚೆನ್ನಾಗಿ ಕೇಳುವ ಸದ್ದುಗಳು ಸೇರಿರುತ್ತವೆ. ಅವು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಹಾದು ಬರುತ್ತವೆ. ಸೈನ್ ವೇವ್ ಇನ್ವರ್ಟರ್ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಹಾಗೇ, ವೈಫೈ ರೌಟರನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಸೆಟ್ ಇದ್ದರೂ ಹಾಡು ಬರುವುದಿಲ್ಲ.

## ಕಿವಿಗೆ ಕೇಳುತ್ತಾ?

ಸತ್ಯ ಹೇಳಿ. ಎರಡು ಸ್ಟ್ರೀಮರ್ ಮಧ್ಯೆ ವ್ಯತ್ಯಾಸ ಕೇಳುತ್ತಾ, ಇಲ್ವಾ?

ಎರಡೂ ಸರಿಯಾಗಿ ಮಾಡಿದ ಪೆಟ್ಟಿಗೆಗಳಾಗಿದ್ದು, ಎರಡರ ಸದ್ದಿನ ಮಟ್ಟ ಒಂದೇ ಇದ್ದು, ಯಾವುದು ಓಡುತ್ತಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ, ಕೇಳುವುದಿಲ್ಲ. ಇದು ನನ್ನ ಅನುಭವ, ಅಳತೆಗಳು ಹೇಳುವುದೂ ಇದನ್ನೇ.

ಇವತ್ತಿನ ಸಾಧಾರಣ ಡ್ಯಾಕ್ ಕೂಡ ಸೇರಿಸುವ ವಿಕಾರ (ಮೂಲ ಹಾಡಿನಲ್ಲಿಲ್ಲದ ಕಲಬೆರಕೆ) 0.001 ಶೇಕಡದ ಸುತ್ತಮುತ್ತ ಅಥವಾ ಅದಕ್ಕೂ ಕಡಿಮೆ. ಅಂದರೆ ಹಾಡಿಗಿಂತ 100 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಕೆಳಗೆ. ಸ್ಪೀಕರ್‌ಗಳು ಬಾಸ್‌ನಲ್ಲಿ 1 ಶೇಕಡ ವಿಕಾರ ಸೇರಿಸುವುದು ಮಾಮೂಲಿ, ಸಾವಿರ ಪಟ್ಟು ಜಾಸ್ತಿ. ಇನ್ನು ನಮ್ಮ ಬೇಸಿಗೆ ನೆನೆಸಿಕೊಳ್ಳಿ. ಏಪ್ರಿಲ್‌ನಲ್ಲಿ ಫ್ಯಾನ್ ಐದರಲ್ಲಿ ಇಡದೆ ದಾವಣಗೆರೆಯಲ್ಲಿ ಕೂರಲು ಆಗುತ್ತದಾ? ನಮ್ಮ ಹಾಲಿನಲ್ಲಿ ಫ್ಯಾನ್ ತಿರುಗುವಾಗ ಫೋನಿನ ಮೀಟರ್ 48 ಡೆಸಿಬೆಲ್ ತೋರಿಸುತ್ತದೆ. ಅದರ ಮೇಲೆ ಸಿಡಿಯ 96 ಡೆಸಿಬೆಲ್ ವ್ಯಾಪ್ತಿ (ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗಿನ ಅಂತರ) ಪೂರ್ತಿ ಬಿಚ್ಚಿಕೊಳ್ಳಬೇಕಾದರೆ 144 ಡೆಸಿಬೆಲ್ ಸದ್ದು ಬೇಕು. ಅಷ್ಟು ಸದ್ದಿಗೆ ಕಿವಿ ಉಳಿಯುವುದಿಲ್ಲ.

ನನ್ನ ಕಿವಿಗೆ ಕೇಳ್ತಲ್ಲ! ನಾನೇನು ಸುಳ್ಳು ಹೇಳ್ತಿದ್ದೀನಾ?

ಇಲ್ಲ. ಹಾಗೆ ಹೇಳುವವರ ಜೊತೆ ನಾನು ಸೇರುವುದೂ ಇಲ್ಲ. ನಿಮಗೆ ಕೇಳಿದ್ದು ಕೇಳಿದ್ದೇ. ಕಾರಣ ಪೆಟ್ಟಿಗೆಯೇನಾ ಅನ್ನುವುದೊಂದೇ ಪ್ರಶ್ನೆ.

ನನ್ನದೇ ಅನುಭವ ಹೇಳುತ್ತೇನೆ. ಗೆಳೆಯರೊಬ್ಬರು ಬೆಂಗಳೂರಿನಿಂದ ದುಬಾರಿ ಸ್ಟ್ರೀಮರ್ ತಂದರು. ಭಾನುವಾರ ಮಧ್ಯಾಹ್ನ ನಮ್ಮನೆಯಲ್ಲಿ ಮೂವರು ಕೂತೆವು. ಮಲ್ಲಿಕಾರ್ಜುನ ಮನ್ಸೂರರ ಹಾಡು ಹಾಕಿದೆವು, ಮೊದಲು ನನ್ನ ಸಣ್ಣ ಪೆಟ್ಟಿಗೆಯಲ್ಲಿ, ಆಮೇಲೆ ಅವರದರಲ್ಲಿ. ಅವರದರಲ್ಲಿ ತಂಬೂರಿ ಒಂದು ಮಾರು ಹತ್ತಿರ ಬಂದ ಹಾಗಾಯಿತು. ಉಸಿರು ಎಳೆದುಕೊಳ್ಳುವುದು ಕೂಡ ಸ್ಪಷ್ಟ. ಮೂವರೂ ತಲೆದೂಗಿದೆವು. ಆ ರಾತ್ರಿ ಸಾಲದ ಲೆಕ್ಕ ಹಾಕಿದವನು ನಾನು.

ಮರುದಿನ ಮನಸ್ಸು ತಡೆಯದೆ ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದೆ. ಒಂದೇ ಟೆಸ್ಟ್ ಟೋನಿಗೆ ನನ್ನದು 2.00 ವೋಲ್ಟ್, ಅವರದು 2.27 ವೋಲ್ಟ್. ಅಂದರೆ ಅವರ ಪೆಟ್ಟಿಗೆ ಸುಮಾರು 1.1 ಡೆಸಿಬೆಲ್ ಜೋರು. ಇಷ್ಟು ಸಣ್ಣ ಹೆಚ್ಚಳ ನಮಗೆ "ಜೋರು" ಅಂತ ಅನ್ನಿಸುವುದಿಲ್ಲ. ಸ್ಪಷ್ಟ, ಹತ್ತಿರ, ತುಂಬಿದ ಧ್ವನಿ ಅಂತ ಅನ್ನಿಸುತ್ತದೆ. ಮಟ್ಟ ಸರಿಮಾಡಿ, ಕಾಣದ ಹಾಗೆ 16 ಸಲ ಬದಲಿಸಿ ಕೇಳಿದೆವು. ಗೆಳೆಯರಿಗೆ 7 ಸರಿಬಂತು, ನನಗೆ 9. ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತಿತ್ತು.

ಮಟ್ಟದ ಜೊತೆಗೆ ಕಣ್ಣೂ ಕೆಲಸ ಮಾಡುತ್ತದೆ. ಬೆಲೆ ಗೊತ್ತಿದ್ದರೆ, ಭಾರ ಎತ್ತಿ ನೋಡಿದ್ದರೆ, ಮನಸ್ಸು ಅದನ್ನೂ ಸೇರಿಸಿಯೇ ಕೇಳುತ್ತದೆ. ಇದು ಎಲ್ಲರ ಮಿದುಳಿನ ಗುಣ. ಕಿವಿ ಪಳಗಿದವರೂ ಇದಕ್ಕೆ ಹೊರತಲ್ಲ.

ಮನೇಲೇ ಈ ಪರೀಕ್ಷೆ ಮಾಡೋದು ಹೇಗೆ?

ಬೇಕಾಗುವುದು ಒಂದು ಮಲ್ಟಿಮೀಟರ್, ಎರಡು ಇನ್‌ಪುಟ್ ಇರುವ ಆಂಪ್ಲಿಫೈಯರ್, ತಾಳ್ಮೆ ಇರುವ ಒಬ್ಬ ಗೆಳೆಯ.

ಎರಡೂ ಸ್ಟ್ರೀಮರನ್ನು ಬೇರೆ ಬೇರೆ ಇನ್‌ಪುಟ್‌ಗೆ ಕೊಡಿ. 100 ಅಥವಾ 200 ಹರ್ಟ್ಸಿನ ಟೆಸ್ಟ್ ಟೋನ್ ಹಾಕಿ. ಸಾಧಾರಣ ಮಲ್ಟಿಮೀಟರ್ ಕಡಿಮೆ ಹರ್ಟ್ಸಿನಲ್ಲೇ ಸರಿ ತೋರಿಸುತ್ತದೆ, ಅದಕ್ಕೇ 1,000 ಹರ್ಟ್ಸ್ ಬೇಡ. ವಾಲ್ಯೂಮ್ ಕಡಿಮೆ ಇಟ್ಟು, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಸ್ಪೀಕರ್ ಟರ್ಮಿನಲ್ಲಿಗೆ ಹಿಡಿಯಿರಿ. ಎರಡು ಮುಳ್ಳೂ ಒಂದಕ್ಕೊಂದು ತಾಗದಂತೆ ಜೋಪಾನ, ತಾಗಿದರೆ ಆಂಪ್ಲಿಫೈಯರ್ ಸುಡಬಹುದು. ಜೋರಿರುವ ಸ್ಟ್ರೀಮರಿನ ವಾಲ್ಯೂಮ್ ಇಳಿಸುತ್ತಾ ಬನ್ನಿ. ವ್ಯತ್ಯಾಸ 1 ಶೇಕಡದ ಒಳಗೆ ಬರಬೇಕು. ಒಂದು 2.00 ಇದ್ದರೆ ಇನ್ನೊಂದು 1.98ರಿಂದ 2.02ರ ನಡುವೆ. ಇದು ಸುಮಾರು 0.1 ಡೆಸಿಬೆಲ್.

ಈಗ ಗೆಳೆಯ ನಿಮ್ಮ ಬೆನ್ನ ಹಿಂದೆ ನಿಲ್ಲಲಿ. ಪ್ರತಿ ಸಲ ನಾಣ್ಯ ಚಿಮ್ಮಿ ಯಾವುದು ಅಂತ ಆರಿಸಿ, ಚೀಟಿಯಲ್ಲಿ ಬರೆದಿಡಲಿ. ನೀವು ನಿಮ್ಮ ಉತ್ತರ ಬೇರೆ ಚೀಟಿಯಲ್ಲಿ ಬರೆಯಿರಿ. ಎರಡು ಪೆಟ್ಟಿಗೆ ಒಂದೇ ಕ್ಷಣಕ್ಕೆ ಶುರುವಾಗುವುದಿಲ್ಲ, ಆ ಅರ್ಧ ಸೆಕೆಂಡಿನ ತಡದಿಂದಲೇ ಗುಟ್ಟು ಬಯಲಾಗುತ್ತದೆ. ಹಾಗಾಗಿ ಪ್ರತಿ ಸಲ ಹಾಡು ನಿಲ್ಲಿಸಿ ಅದೇ ಜಾಗದಿಂದ ಮತ್ತೆ ಶುರುಮಾಡಿ. 16 ಸಲ ಮಾಡಿ. ಸುಮ್ನೆ ಊಹಿಸಿದವರಿಗೆ 12 ಅಥವಾ ಅದಕ್ಕಿಂತ ಹೆಚ್ಚು ಸರಿಬರುವ ಸಾಧ್ಯತೆ 100ಕ್ಕೆ 4ಕ್ಕಿಂತ ಕಡಿಮೆ. ನಡುವೆ ಸುಸ್ತಾದರೆ ಮಂಡಕ್ಕಿ ಮೆಣಸಿನಕಾಯಿ ತಿಂದು ಮುಂದುವರಿಸಿ. ಸುಸ್ತಾದ ಕಿವಿಯನ್ನು ನಂಬಬೇಡಿ.

ಎಂಪಿ3ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಗೊತ್ತಾಗುತ್ತಾ?

128 ಕೆಬಿಪಿಎಸ್‌ನಲ್ಲಿ ಮಾಡಿದ ಹಳೆಯ ಎಂಪಿ3 ಆದರೆ ಗೊತ್ತಾಗುತ್ತದೆ. ತಾಳ, ಗೆಜ್ಜೆ, ಚಪ್ಪಾಳೆ ಇರುವ ಕಡೆ ಕಿವಿಯಿಡಿ. ಗೆಜ್ಜೆಯ ಸದ್ದು ನೀರಿನಲ್ಲಿ ಅಲ್ಲಾಡಿಸಿದ ಹಾಗೆ ಕಲಸಿಹೋಗಿರುತ್ತದೆ. 320ರಲ್ಲಿ ಚೆನ್ನಾಗಿ ಮಾಡಿದ್ದಾದರೆ ಪಳಗಿದವರಿಗೂ ಕಷ್ಟ. ಆದರೂ ಸಿಡಿಯಿಂದ ಕಂಪ್ಯೂಟರಿಗೆ ಇಳಿಸುವಾಗ ಫ್ಲ್ಯಾಕ್ ಮಾಡಿ ಅಂತಲೇ ಹೇಳುತ್ತೇನೆ. ಅದರಲ್ಲಿ ಒಂದು ಬಿಟ್ ಕೂಡ ಕಳೆಯುವುದಿಲ್ಲ, ನಾಳೆ ಯಾವ ರೂಪಕ್ಕೆ ಬೇಕಾದರೂ ಬದಲಿಸಬಹುದು.

24 ಬಿಟ್ 192 ಅಂತ ಹೈ-ರೆಸ್ ಬರುತ್ತಲ್ಲ, ಅದು ಸಿಡಿಗಿಂತ ಚೆನ್ನಾಗಿರಲೇಬೇಕು ಅಲ್ವಾ?

ಹೈ-ರೆಸ್ ಅಂದರೆ ಸಿಡಿಗಿಂತ ದೊಡ್ಡ ಅಂಕಿಗಳಲ್ಲಿ ಇಟ್ಟ ಹಾಡು. ಅಂಕಿ ದೊಡ್ಡದು, ಆದರೆ ಕಿವಿ ಅದೇ. ಸಿಡಿಯ 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸಲ ಅಲೆಯನ್ನು ಅಳೆದಿಟ್ಟದ್ದು) ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸದ್ದನ್ನು ಪೂರ್ತಿ ಹಿಡಿಯುತ್ತದೆ. ಎಳೆಯರ ಕಿವಿಯ ಮಿತಿ 20. ವಯಸ್ಸು 50 ದಾಟಿದ ಬಹಳ ಮಂದಿಗೆ 14ರ ಮೇಲಿನದು ಕೇಳುವುದೇ ಇಲ್ಲ.

ಇದನ್ನು ಪರೀಕ್ಷೆ ಮಾಡಿದವರಿದ್ದಾರೆ. ಮೇಯರ್ ಮತ್ತು ಮೊರಾನ್ 2007ರಲ್ಲಿ ಹೈ-ರೆಸ್ ಹಾಡನ್ನು ನೇರವಾಗಿ ಒಮ್ಮೆ, ಸಿಡಿ ಗುಣಮಟ್ಟಕ್ಕೆ ಇಳಿಸಿ ಇನ್ನೊಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ, ಅಂದರೆ ಅರ್ಧಕ್ಕರ್ಧ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿ 52.3 ಶೇಕಡ ಸರಿಬಂದಿತ್ತು, ತರಬೇತಿ ಪಡೆದವರಲ್ಲಿ ಸ್ವಲ್ಪ ಜಾಸ್ತಿ. ಅಂದರೆ ಏನೋ ಒಂದು ಎಳೆ ಇದ್ದರೂ ಇರಬಹುದು, ಆದರೆ ಅದು ಬಹಳ ತೆಳು. ಮುದ್ರಣದ ಸ್ಟುಡಿಯೋದಲ್ಲಿ 24 ಬಿಟ್ ನಿಜವಾಗಿ ಉಪಯೋಗ. ಮನೆಯಲ್ಲಿ ಕೇಳಲು ಅದಕ್ಕಾಗಿ ಹೆಚ್ಚಿಗೆ ಕೊಡುವುದು ಬೇಡ ಅನ್ನುತ್ತೇನೆ.

ಹಂಗಾದ್ರೆ ಯಾವಾಗ ನಿಜವಾಗ್ಲೂ ವ್ಯತ್ಯಾಸ ಕೇಳುತ್ತೆ?

ಬಹಳ ಸಲ ಕೇಳುತ್ತದೆ, ಕಾರಣ ಮಾತ್ರ ಬೇರೆ ಇರುತ್ತದೆ.

ಎಲ್ಲಕ್ಕಿಂತ ದೊಡ್ಡದು ಹಾಡಿನ ಮೂಲ ಪ್ರತಿ. 1960–70ರ ಕನ್ನಡ ಚಿತ್ರಗೀತೆಯೊಂದನ್ನು ಹುಡುಕಿ ನೋಡಿ. ಒಂದೇ ಹಾಡು ಎರಡು ಮೂರು ಕಡೆ ಸಿಗುತ್ತದೆ. ಒಂದರಲ್ಲಿ ಗರಗರ ತೆಗೆಯಲು ಹೋಗಿ ಗಾಯಕರ ಸ, ಶ ಅಕ್ಷರಗಳನ್ನೇ ತೆಗೆದುಹಾಕಿರುತ್ತಾರೆ. ಇನ್ನೊಂದಕ್ಕೆ ಗುಹೆಯಲ್ಲಿ ಹಾಡಿದ ಹಾಗೆ ಪ್ರತಿಧ್ವನಿ ಸೇರಿಸಿರುತ್ತಾರೆ. ಮೂರನೆಯದು ಹಾಗೇ ಬಿಟ್ಟಿದ್ದು, ಸ್ವಲ್ಪ ಗರಗರ ಇದ್ದರೂ ಧ್ವನಿಯಲ್ಲಿ ಜೀವ ಇರುತ್ತದೆ. ಈ ಮೂರರ ನಡುವಿನ ಅಂತರದ ಮುಂದೆ ಡ್ಯಾಕ್‌ಗಳ ಅಂತರ ಏನೂ ಅಲ್ಲ. ಒಳ್ಳೆಯ ಪ್ರತಿ ಹುಡುಕಲು ಕಳೆದ ಒಂದು ಗಂಟೆ ಯಾವತ್ತೂ ವ್ಯರ್ಥ ಆಗುವುದಿಲ್ಲ.

ಆಮೇಲೆ ಆಪ್‌ನ ಸೆಟ್ಟಿಂಗ್. ಸ್ಪಾಟಿಫೈ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ನಾರ್ಮಲೈಸೇಶನ್ ಅನ್ನು ತಾನಾಗಿಯೇ ಹಾಕಿಟ್ಟಿರುತ್ತದೆ. ಒಂದು ಪೆಟ್ಟಿಗೆಯಲ್ಲಿ ಅದು ಆನ್, ಇನ್ನೊಂದರಲ್ಲಿ ಆಫ್ ಇದ್ದರೆ ಹೋಲಿಕೆ ಅಲ್ಲೇ ಹಾಳು. ಬಾಸ್, ಟ್ರೆಬಲ್ ಏರಿಳಿಸುವ ಈಕ್ವಲೈಸರ್ ಯಾರೋ ಮಕ್ಕಳು ಒತ್ತಿಟ್ಟಿರಬಹುದು. ನಾಸ್ ಡ್ಯಾಕ್ ಅಂತ ಫಿಲ್ಟರ್ ಇಲ್ಲದ ಒಂದು ಬಗೆ ಇದೆ. ಅದು 44.1ರ ಹಾಡಿನಲ್ಲಿ 20 ಕಿಲೋಹರ್ಟ್ಸ್ ಹತ್ತಿರ 3 ಡೆಸಿಬೆಲ್ ಇಳಿಸುತ್ತದೆ, ಎಳೆ ಕಿವಿಗಳಿಗೆ ಮೆತ್ತಗೆ ಅನ್ನಿಸಬಹುದು. ಸೂಕ್ಷ್ಮ ಇಯರ್‌ಫೋನ್ ಹಾಕಿದರೆ ಕೆಲವು ಪೆಟ್ಟಿಗೆಗಳ ಸುಸ್ ಅನ್ನುವ ಹಿನ್ನೆಲೆ ಸದ್ದೂ ಕೇಳುತ್ತದೆ.

ಮತ್ತೆ ದುಡ್ಡು ಎಲ್ಲಿ ಹಾಕ್ಲಿ ಹೇಳಿ?

ಸ್ಪೀಕರಿಗೆ ಹಾಕಿ, ಆಮೇಲೆ ಕೋಣೆಗೆ.

ನಮ್ಮ ಆರ್‌ಸಿಸಿ ಮನೆಗಳಲ್ಲಿ ನೆಲಕ್ಕೆ ಟೈಲ್ಸು ಇಲ್ಲಾ ಗ್ರಾನೈಟು, ಗೋಡೆ ಖಾಲಿ. ಒಮ್ಮೆ ಚಪ್ಪಾಳೆ ಹೊಡೆಯಿರಿ, ಟ್ರಿಂಗ್ ಅಂತ ಬಾಲ ಕೇಳುತ್ತದೆ. ಹಾಡಿನ ಪ್ರತಿ ಅಕ್ಷರಕ್ಕೂ ಆ ಬಾಲ ಅಂಟಿಕೊಳ್ಳುತ್ತದೆ. ನಾನು ಚಳ್ಳಕೆರೆಯ ಎರಡು ಕರಿ ಕಂಬಳಿ ತಂದು, ಸ್ಪೀಕರ್ ಎದುರಿನ ಗೋಡೆಗೆ ನಾಲ್ಕು ಇಂಚು ಬಿಟ್ಟು ಕೋಲಿಗೆ ತೂಗುಹಾಕಿದೆ. ನೆಲಕ್ಕೊಂದು ದಪ್ಪ ಜಮಖಾನ. ಚಪ್ಪಾಳೆಯ ಬಾಲ ಹೋಯಿತು. ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಇದಕ್ಕೆ ಯಾವ ಕುರುಡು ಪರೀಕ್ಷೆಯೂ ಬೇಕಾಗಲಿಲ್ಲ, ಮನೆಗೆ ಬಂದವರು ತಾವಾಗಿಯೇ ಹೇಳಿದರು.

ಕಂಬಳಿ ಬಾಸ್‌ಗೆ ಏನೂ ಮಾಡುವುದಿಲ್ಲ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಹತ್ತಿರ ಬಾಸ್ ಉಬ್ಬುತ್ತದೆ, 10 ಅಡಿಗೆ 56ರ ಹತ್ತಿರ. 10ಕ್ಕೆ 10ರ ಚೌಕ ಕೋಣೆಯಾದರೆ ಎರಡೂ ಕಡೆಯ ಉಬ್ಬು ಒಂದೇ ಜಾಗದಲ್ಲಿ ಸೇರಿ ಡೊಂಯ್ ಅನ್ನುತ್ತದೆ. ಕುರ್ಚಿಯನ್ನು ಎರಡು ಅಡಿ ಮುಂದೆ ಹಿಂದೆ ಸರಿಸಿ ನೋಡಿ. ಅದು ಸಾಲದಿದ್ದರೆ ಪ್ಯಾರಾಮೆಟ್ರಿಕ್ ಈಕ್ಯೂ (ಬೇಕಾದ ಹರ್ಟ್ಸನ್ನೇ ಆರಿಸಿ ಏರಿಳಿಸುವ ಈಕ್ವಲೈಸರ್) ಇರುವ ಸ್ಟ್ರೀಮರ್ ತಗೊಂಡು ಆ ಹರ್ಟ್ಸನ್ನು ತಗ್ಗಿಸಿ. ವಿಮ್ (WiiM) ಕಂಪನಿಯ ಪೆಟ್ಟಿಗೆಗಳಲ್ಲಿ ಇದು ಕಡಿಮೆ ಬೆಲೆಗೇ ಸಿಗುತ್ತದೆ. ಶಬ್ದಕ್ಕಾಗಿ ಒಂದು ಸ್ಟ್ರೀಮರನ್ನು ಬಿಟ್ಟು ಇನ್ನೊಂದನ್ನು ಆರಿಸಲು ನನಗೆ ಗೊತ್ತಿರುವ ಗಟ್ಟಿ ಕಾರಣ ಇದೊಂದೇ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಸಾವಿರಾರು ರೂಪಾಯಿ ಲ್ಯಾನ್ ಕೇಬಲ್ ಹಾಕಿದ್ರೆ ಶಬ್ದ ತಿಳಿಯಾಗುತ್ತಂತೆ, ನಿಜವಾ?

ಇಲ್ಲ. ಹಾಡು ನುಡಿಯುತ್ತಿರುವಾಗಲೇ ಲ್ಯಾನ್ ವೈರ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಹಾಡು ಇನ್ನೂ ಕೆಲವು ಸೆಕೆಂಡು, ಕೆಲವು ಪೆಟ್ಟಿಗೆಗಳಲ್ಲಿ ಇನ್ನೂ ಹೆಚ್ಚು ಹೊತ್ತು, ನಡೆಯುತ್ತಲೇ ಇರುತ್ತದೆ. ಡೇಟಾ ಮೊದಲೇ ಬಂದು ಸ್ಟ್ರೀಮರಿನ ನೆನಪಿನಲ್ಲಿ ಕೂತಿರುತ್ತದೆ. ದಾರಿಯಲ್ಲಿ ತಪ್ಪಿದ ತುಣುಕನ್ನು ಮತ್ತೆ ಕೇಳಿ ತರಿಸಿಕೊಂಡಿರುತ್ತದೆ. ಕೇಬಲ್ ನಿಮ್ಮ ಕೈಯಲ್ಲಿದ್ದಾಗ ನುಡಿಯುತ್ತಿರುವ ಹಾಡಿಗೆ ಆ ಕೇಬಲ್ ಏನು ಮಾಡಲು ಸಾಧ್ಯ?

ಜಿಟ್ಟರ್ ಅಂತ ಒಂದು ಭೂತ ಐತಂತಲ್ಲ?

ಅಂಕಿಗಳನ್ನು ಅಲೆ ಮಾಡುವಾಗ ಗಡಿಯಾರದ ಬಡಿತ ಹಿಂದೆ ಮುಂದೆ ಆಗುವುದಕ್ಕೆ ಜಿಟ್ಟರ್ ಅನ್ನುತ್ತಾರೆ. ಭೂತವಲ್ಲ, ಇರುವಂಥದ್ದೇ, ಅಳೆಯಲೂ ಬರುತ್ತದೆ. ಇವತ್ತಿನ ಅಸಿಂಕ್ರೋನಸ್ ಯುಎಸ್‌ಬಿ ಡ್ಯಾಕ್‌ನಲ್ಲಿ ಗಡಿಯಾರ ಡ್ಯಾಕ್ ಬಳಿಯೇ ಇರುತ್ತದೆ. ಉಳಿದ ಜಿಟ್ಟರ್ ಹಾಡಿಗಿಂತ 100 ಡೆಸಿಬೆಲ್ಲಿಗೂ ಕೆಳಗೆ ಬಿದ್ದಿರುತ್ತದೆ.

ಹೊರಗಿನ ಡ್ಯಾಕ್ ಬೇರೆ ತಗೋಬೇಕಾ?

ಒಳಗಿನದು ಸರಿಯಿದ್ದರೆ ಬೇಡ. ಹಳೆಯ ಟಿವಿ, ಸಿಡಿ ಪ್ಲೇಯರ್ ಎಲ್ಲವನ್ನೂ ಒಂದೇ ಕಡೆ ಸೇರಿಸಬೇಕಾದಾಗ, ಹೆಚ್ಚು ಶಕ್ತಿ ಬೇಡುವ ಹೆಡ್‌ಫೋನ್ ನಡೆಸಬೇಕಾದಾಗ ಅದರ ಉಪಯೋಗ ಇದೆ. ಇನ್ನೊಂದು ಲಾಭ, ಸ್ಟ್ರೀಮರ್ ಹಳತಾದರೆ ಅದೊಂದನ್ನೇ ಬದಲಿಸಬಹುದು.

ಎಲ್ಲಾ ಸರಿ ಜೋಡಿಸಿದ್ರೂ ಸಣ್ಣಗೆ ಹಮ್ ಬರ್ತಿದೆ. ಕಂಪ್ಯೂಟರ್ ಕಿತ್ತರೆ ನಿಲ್ಲುತ್ತೆ.

ಅದು ಗ್ರೌಂಡ್ ಲೂಪ್. ಎರಡು ಸಾಧನಗಳು ಎರಡು ದಾರಿಯಲ್ಲಿ ಅರ್ಥ್‌ಗೆ ಸೇರಿದಾಗ ನಡುವಿನ ವೈರಿನಲ್ಲಿ 50 ಹರ್ಟ್ಸ್ ಸುತ್ತುತ್ತದೆ. ಆಪ್ಟಿಕಲ್ ಕೇಬಲ್‌ನಲ್ಲಿ ಜೋಡಿಸಿ. ಅದರಲ್ಲಿ ಬೆಳಕು ಹೋಗುತ್ತದೆ, ತಾಮ್ರ ಇಲ್ಲ, ಹಾಗಾಗಿ ಲೂಪ್ ಕಡಿಯುತ್ತದೆ. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿದರೂ ಎಷ್ಟೋ ಸಲ ಕಡಿಮೆಯಾಗುತ್ತದೆ. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ದಯವಿಟ್ಟು ಕೀಳಬೇಡಿ. ಅದು ಜೀವ ಕಾಯುವ ಪಿನ್ನು.

ಅಳತೆಗೆ ಸಿಗದ್ದು ಕಿವಿಗೆ ಸಿಗಬಹುದಲ್ವಾ ಸರ್? ಸಂಗೀತ ಅಂದ್ರೆ ಬರೀ ಅಂಕಿನಾ?

ಸಂಗೀತ ಅಂಕಿಯಲ್ಲ. ಗಂಗೂಬಾಯಿ ಹಾನಗಲ್ಲರ ಒಂದು ಸ್ವರ ಯಾಕೆ ಕಣ್ಣು ತುಂಬಿಸುತ್ತದೆ ಅಂತ ಯಾವ ಮೀಟರೂ ಹೇಳಲಾರದು. ಆದರೆ ಆ ಸ್ವರ ನಿಮ್ಮ ಮನೆಗೆ ಬರುವುದು ಎರಡು ತಂತಿಗಳ ನಡುವಿನ ವೋಲ್ಟೇಜ್ ಆಗಿ. ಅದನ್ನು ಇವತ್ತಿನ ಉಪಕರಣ ಕಿವಿಗಿಂತ ಎಷ್ಟೋ ಸೂಕ್ಷ್ಮವಾಗಿ ಅಳೆಯುತ್ತದೆ. ಎರಡು ಪೆಟ್ಟಿಗೆಗಳಿಂದ ಬಂದ ವೋಲ್ಟೇಜ್ ಒಂದೇ ಆಗಿದ್ದರೆ ಸ್ಪೀಕರಿಗೆ ಬೇರೆ ಸುದ್ದಿ ತಲುಪುವ ದಾರಿಯೇ ಇಲ್ಲ. ಕಣ್ಣು ತುಂಬಿಸಿದ್ದು ಗಂಗೂಬಾಯಿಯವರು. ಆ ಶ್ರೇಯಸ್ಸನ್ನು ಪೆಟ್ಟಿಗೆಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ನೀವು ಹೇಳಿದ ಹಾಗೇ ಪರೀಕ್ಷೆ ಮಾಡಿದೆ. 10ಕ್ಕೆ 9 ಸರಿಬಂತು. ಈಗೇನಂತೀರಿ?

ಬಹಳ ಖುಷಿ ಅಂತೀನಿ. ಸುಮ್ನೆ ಊಹಿಸಿ 9 ಅಥವಾ 10 ಬರುವ ಸಾಧ್ಯತೆ 1,024ಕ್ಕೆ 11, ಅಂದರೆ 100ಕ್ಕೆ 1. ಹಾಗಾಗಿ ನಿಮಗೆ ಏನೋ ನಿಜವಾಗಿ ಕೇಳಿದೆ ಅಂತಲೇ ಹಿಡಿದುಕೊಳ್ಳೋಣ. ಏನು ಅಂತ ಹುಡುಕಬೇಕು. ಮಟ್ಟ ಮತ್ತೊಮ್ಮೆ ಅಳೆಯಿರಿ, ಎಡ ಬಲ ಬೇರೆ ಬೇರೆ. ನಾರ್ಮಲೈಸೇಶನ್, ಈಕ್ವಲೈಸರ್ ನೋಡಿ. ಎರಡರಲ್ಲೂ ಅದೇ ಪ್ರತಿಯ ಹಾಡೇ ಓಡುತ್ತಿದೆಯಾ ನೋಡಿ. ಇನ್‌ಪುಟ್ ಬದಲಿಸುವಾಗ ಬರುವ ಟಿಕ್ ಸದ್ದು ಎರಡಕ್ಕೂ ಒಂದೇ ತರ ಇದೆಯಾ ಕೇಳಿ. ಆಮೇಲೆ ಇನ್ನೊಂದು ದಿನ 16 ಸಲ ಮಾಡಿ. ಆಗಲೂ ಸರಿಬಂದರೆ ಎರಡೂ ಪೆಟ್ಟಿಗೆ ಚೀಲದಲ್ಲಿ ಹಾಕಿಕೊಂಡು ಒಂದು ಭಾನುವಾರ ನಮ್ಮನೆಗೆ ಬನ್ನಿ. ಮೀಟರ್ ನನ್ನ ಹತ್ತಿರ ಇದೆ. ಕಂಬಳಿ ಗೋಡೆಯ ಮೇಲೇ ಇದೆ. ಎಷ್ಟೇ ಸೆಕೆ ಇದ್ದರೂ ಫ್ಯಾನ್ ನಿಲ್ಲಿಸಿ ಕೂರೋಣ, ಅದು ನನಗೂ ಕೇಳಬೇಕು.